ಪೀಠವೂ ಪಿಶಾಚಿಯೂ: ‘ಹಾರರ್‌ಸ್ಟೋರ್’ ಕಾದಂಬರಿಯಲ್ಲಿ ಹಾಸ್ಯ-ಭಯಾನಕಗಳ ಸಂಬಂಧ

೧

ಒಂದೇ ಕೃತಿಯಲ್ಲಿ ಹಾಸ್ಯವೂ ಭಯಾನಕವೂ ಕೂಡಿ ನಿಲ್ಲಬಲ್ಲವೇ ಎಂಬ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯವು ಶೃಂಗಾರದಿಂದಲೂ ಭಯಾನಕವು ಬೀಭತ್ಸದಿಂದಲೂ ಹುಟ್ಟುತ್ತವೆಂದು ಹೇಳಿ, ಈ ಎರಡಕ್ಕೂ ಬೇರೆ ಬೇರೆ ತವರುಗಳನ್ನು ಗೊತ್ತುಮಾಡಿದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಇನ್ನೂ ಮುಂದೆ ಹೋಗಿ, ಭಯಾನಕ ಕರುಣಗಳೆರಡೂ ಹಾಸ್ಯಕ್ಕೆ ವಿರೋಧಿಗಳೆಂದು ನಿರ್ಣಯಿಸಿದ್ದಾನೆ. ನಗುವವನಿಗೆ ತಾನು ಸುರಕ್ಷಿತನೆಂಬ ಭಾವವಿರಬೇಕು. ಹೆದರುವವನಲ್ಲಿ ಇಲ್ಲದಿರುವುದು ಅದೇ. ಆದುದರಿಂದ ಇವೆರಡೂ ಒಂದೇ ಚಿತ್ತದಲ್ಲಿ ಏಕಕಾಲಕ್ಕೆ ನೆಲೆಸಲಾರವೆಂಬ ಮಾತು ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ.

ಆದರೆ ಲಕ್ಷಣವನ್ನು ಲಕ್ಷ್ಯದಿಂದ ಪರೀಕ್ಷಿಸುವುದು ವಿಮರ್ಶೆಯ ಧರ್ಮ. ಈ ಪರೀಕ್ಷೆಗೆ ತಕ್ಕ ಲಕ್ಷ್ಯವೊಂದು ಇತ್ತೀಚಿನ ಅಮೆರಿಕನ್ ಸಾಹಿತ್ಯದಲ್ಲಿ ದೊರೆಯುತ್ತದೆ. ಗ್ರೇಡಿ ಹೆಂಡ್ರಿಕ್ಸ್ ಅವರ ‘ಹಾರರ್‌ಸ್ಟೋರ್’ ಎಂಬ ಕಾದಂಬರಿ ೨೦೧೪ರಲ್ಲಿ ಫಿಲಡೆಲ್ಫಿಯದ ಕ್ವರ್ಕ್ ಬುಕ್ಸ್ ಪ್ರಕಾಶನದಿಂದ ಹೊರಬಂದಿತು. ದೆವ್ವ ಹೊಕ್ಕ ಒಂದು ಪೀಠೋಪಕರಣಗಳ ಮಳಿಗೆ, ಅದರಲ್ಲಿ ಗಂಟೆಗೂಲಿಗೆ ದುಡಿಯುವ ಕೆಲವರು ನೌಕರರು, ಒಂದು ರಾತ್ರಿ — ಕಥೆಯ ಸಾಮಗ್ರಿ ಇಷ್ಟೆ. ಜನಪ್ರಿಯ ಸಾಹಿತ್ಯದ ಸಾಲಿಗೆ ಸೇರಿದ ಇಂಥ ಪುಸ್ತಕವನ್ನು ವಿಶ್ವವಿದ್ಯಾನಿಲಯದ ಸಂಶೋಧನ ಸಂಚಿಕೆಯಲ್ಲಿ ಚರ್ಚಿಸುವುದು ಯುಕ್ತವೇ ಎಂದು ಕೆಲವರು ಕೇಳಬಹುದು. ಕೃತಿಯನ್ನು ಓದಿದ ಮೇಲೆ ಏಳುವ ಪ್ರಶ್ನೆ ಶಾಸ್ತ್ರಕ್ಕೂ ಬದುಕಿಗೂ ಸಂಬಂಧಿಸಿದ್ದು ಎಂಬುದೇ ಅದಕ್ಕೆ ಉತ್ತರ. ಯಾವ ವಸ್ತುವನ್ನು ಕಂಡು ನಾವು ಮೊದಲು ನಕ್ಕೆವೋ ಅದೇ ವಸ್ತುವನ್ನು ಕಂಡು ಕಡೆಗೆ ಹೆದರುತ್ತೇವೆ. ನಡುವೆ ವಸ್ತು ಬದಲಾಗಿಲ್ಲ. ಈ ಪರಿಣಾಮ ಹೇಗೆ ಸಾಧ್ಯವಾಯಿತು, ಅದರಿಂದ ಏನು ತಿಳಿದುಬರುತ್ತದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಓಹಾಯೋ ಸಂಸ್ಥಾನದ ಕೈಯಹೋಗ ಎಂಬಲ್ಲಿ ‘ಆರ್ಸ್ಕ್’ ಎಂಬ ದೊಡ್ಡ ಮಳಿಗೆಯಿದೆ. ಸ್ವೀಡನ್ನಿನ ಐಕಿಯ ಸಂಸ್ಥೆಯ ಮಾದರಿಯನ್ನು ಅನುಕರಿಸಿ ಅದಕ್ಕಿಂತ ಅಗ್ಗವಾಗಿ ಮಾರುವ ಅಮೆರಿಕನ್ ವ್ಯಾಪಾರಿಗಳ ಕಲ್ಪಿತ ಮಳಿಗೆ ಇದು. ರಾತ್ರಿ ಬಾಗಿಲು ಹಾಕಿದ ಮೇಲೆ ಒಳಗೆ ಏನೋ ನಡೆಯುತ್ತದೆ. ಬೆಳಗಾಗುವ ಹೊತ್ತಿಗೆ ಸಾಮಾನುಗಳು ಹಾಳಾಗಿರುತ್ತವೆ, ಸೋಫಾ ಹೊಲಸಾಗಿರುತ್ತದೆ. ಮೇಲಧಿಕಾರಿಗಳು ತನಿಖೆಗೆ ಬರುವ ಮುನ್ನ ಕಳ್ಳನನ್ನು ಹಿಡಿಯಬೇಕೆಂದು ಉಪವ್ಯವಸ್ಥಾಪಕನಾದ ಬೇಸಿಲ್ ಇಬ್ಬರು ನೌಕರರನ್ನು ರಾತ್ರಿಪಾಳಿಗೆ ಉಳಿಸಿಕೊಳ್ಳುತ್ತಾನೆ. ಒಬ್ಬಳು ಏಮಿ — ಮನೆಬಾಡಿಗೆಯ ಬಾಕಿಯಿಂದ ತತ್ತರಿಸುತ್ತಿರುವ, ಕೆಲಸವನ್ನೂ ತನ್ನನ್ನೂ ಹೀಯಾಳಿಸಿಕೊಂಡು ಬದುಕುವ ತರುಣಿ. ಇನ್ನೊಬ್ಬಳು ರೂತ್ ಆನ್ — ನಡುವಯಸ್ಸು ದಾಟುತ್ತಿರುವ, ಬಹುಕಾಲದಿಂದ ಅಲ್ಲಿಯೇ ದುಡಿದ, ಎಲ್ಲರಿಗೂ ಬೇಕಾದ ಒಂಟಿ ಹೆಂಗಸು. ದೆವ್ವಗಳನ್ನು ಚಿತ್ರೀಕರಿಸಿ ದೂರದರ್ಶನದಲ್ಲಿ ಹೆಸರು ಮಾಡಬೇಕೆಂಬ ಆಸೆಯಿಂದ ಮ್ಯಾಟ್ ಮತ್ತು ಟ್ರಿನಿಟಿ ಎಂಬ ಇನ್ನಿಬ್ಬರು ನೌಕರರು ಗುಟ್ಟಾಗಿ ಒಳಗೆ ಅಡಗಿರುತ್ತಾರೆ. ಕಳ್ಳನೆಂದು ಅವರೆಲ್ಲ ಹಿಡಿಯುವ ಕಾರ್ಲ್ ಎಂಬಾತನು ಮನೆಯಿಲ್ಲದೆ ಮಳಿಗೆಯ ಹಾಸಿಗೆಗಳಲ್ಲಿ ರಾತ್ರಿ ಕಳೆಯುವ ಬಡವ. ಆಟವೆಂದು ಆರಂಭವಾದ ಪ್ರೇತಾವಾಹನೆಯಲ್ಲಿ ಅವನ ಮೈಮೇಲೆ ಜೋಸಾಯ ವರ್ತ್ ಎಂಬುವನ ಪ್ರೇತ ಬರುತ್ತದೆ. ಮಳಿಗೆ ನಿಂತಿರುವ ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಸೆರೆಮನೆಯಿತ್ತು; ವರ್ತನು ಅದರ ಅಧಿಕಾರಿಯಾಗಿದ್ದವನು. ಅಲ್ಲಿಂದ ಮುಂದೆ ಮಳಿಗೆಯು ಹಗಲಿನ ವೇಷವನ್ನು ಕಳಚಿ ಸೆರೆಮನೆಯಾಗುತ್ತದೆ. ಪ್ರದರ್ಶನಕ್ಕೆಂದು ಗೋಡೆಗೆ ಜೋಡಿಸಿದ್ದ, ಎಲ್ಲಿಗೂ ತೆರೆಯದ ಸುಳ್ಳು ಬಾಗಿಲುಗಳು ಕತ್ತಲೆಯ ಓಣಿಗಳಿಗೆ ತೆರೆದುಕೊಳ್ಳುತ್ತವೆ.

ಕಥೆಯಷ್ಟೇ ಗಮನಾರ್ಹವಾದುದು ಪುಸ್ತಕದ ಆಕಾರ. ಆಂಡಿ ರೀಡ್ ಅವರ ವಿನ್ಯಾಸವೂ ಮೈಕೆಲ್ ರೊಗಾಲ್ಸ್ಕಿ ಅವರ ಚಿತ್ರಗಳೂ ಕೂಡಿ ಇದನ್ನು ಒಂದು ಮಳಿಗೆಯ ಕ್ಯಾಟಲಾಗಿನಂತೆ ರೂಪಿಸಿವೆ. ಪ್ರತಿಯೊಂದು ಅಧ್ಯಾಯದ ತಲೆಯಲ್ಲಿಯೂ ಒಂದು ಸಾಮಾನಿನ ಚಿತ್ರ, ಅದಕ್ಕೊಂದು ಸ್ಕ್ಯಾಂಡಿನೇವಿಯದ ಧಾಟಿಯ ಹುಸಿ ಹೆಸರು, ಕೆಳಗೆ ಗಿರಾಕಿಯನ್ನು ಓಲೈಸುವ ನಾಲ್ಕು ಮಾತು. ಹೆಸರಿನ ಸ್ವರಗಳ ಮೇಲೆ ಚುಕ್ಕೆಗಳನ್ನಿಟ್ಟು ಸಾಮಾನನ್ನು ಪರದೇಶದ್ದಾಗಿ ಕಾಣಿಸುವ ಈ ಚಾಳಿಯನ್ನು ಲೇಖಕರು ಪುಸ್ತಕದ ಹೆಸರಿನಲ್ಲಿಯೇ ಅಣಕಿಸಿದ್ದಾರೆ. ಐಕಿಯ ಸಂಸ್ಥೆಯು ೧೯೫೧ರಿಂದ ವರ್ಷವರ್ಷವೂ ಕ್ಯಾಟಲಾಗನ್ನು ಅಚ್ಚುಹಾಕಿಸಿ ಹಂಚುತ್ತಿತ್ತು. ೨೦೨೧ರ ಸಂಚಿಕೆಯೇ ಅದರ ಕಡೆಯದು. ಹೀಗೆ ಯಾವ ಪ್ರಕಾರವನ್ನು ಕಾದಂಬರಿ ಅಣಕಿಸಿತೋ ಆ ಪ್ರಕಾರವೇ ಈಗ ನಿಂತುಹೋಗಿದೆ. ಆದರೆ ಅದರ ಭಾಷೆ ನಿಂತಿಲ್ಲವಾದ್ದರಿಂದ ಅಣಕಕ್ಕೆ ಹಳತನ ಬಂದಿಲ್ಲ.

ಮೊದಲ ಅಧ್ಯಾಯದ ಸಾಮಾನು ‘ಬ್ರೂಕಾ’ ಎಂಬ ಸೋಫಾ. ಮುಂದೆ ಕಪಾಟು, ಮೇಜುಗಳ ಸರದಿ. ಕಥೆ ಕತ್ತಲೆಗೆ ಇಳಿದಂತೆ ಈ ಪಟ್ಟಿಯೂ ಇಳಿಯುತ್ತದೆ. ಮನುಷ್ಯನನ್ನು ಅಲುಗಾಡದಂತೆ ಬಿಗಿಯುವ ‘ಬೋಡಾವೆಸ್ಟ್’ ಎಂಬ ಕುರ್ಚಿ, ವ್ಯರ್ಥವಾಗಿ ತಿರುಗಿಸುತ್ತಲೇ ಇರಬೇಕಾದ ತಿರುಗಣಿ, ಕೊನೆಮೊದಲಿಲ್ಲದೆ ತುಳಿಯಬೇಕಾದ ತುಳಿಚಕ್ರ, ನೀರಿನಲ್ಲಿ ಮುಳುಗಿಸಿ ಹಿಂಸಿಸುವ ಯಂತ್ರ ಒಂದಾದಮೇಲೊಂದು ಬರುತ್ತವೆ. ವರ್ಣನೆಯ ಶೈಲಿ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ. ಸೋಫಾವನ್ನು ಹೊಗಳಿದ ಅದೇ ಮೃದುವಾದ ನುಡಿ ಚಿತ್ರಹಿಂಸೆಯ ಯಂತ್ರವನ್ನೂ ಹೊಗಳುತ್ತದೆ. ಈ ಪ್ರಬಂಧದ ವಾದಕ್ಕೆ ಇದೇ ಆಧಾರವಾದ್ದರಿಂದ ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

೩

ಈ ಕೃತಿಗೆ ಎರಡು ವಂಶಗಳಿವೆ. ಮೊದಲನೆಯದು ಗಾಥಿಕ್ ಕಾದಂಬರಿಯ ವಂಶ. ಹೊರೇಸ್ ವಾಲ್‌ಪೋಲನ ‘ಕ್ಯಾಸಲ್ ಆಫ್ ಒಟ್ರಾಂಟೊ’ (೧೭೬೪) ಅದರ ಮೂಲಪುರುಷ. ಪೋ ಕವಿಯ ಅಷರ್ ಮನೆತನದ ಕಥೆ (೧೮೩೯), ಷರ್ಲಿ ಜಾಕ್ಸನ್ನರ ಹಿಲ್ ಹೌಸಿನ ಕಾದಂಬರಿ (೧೯೫೯) ಮುಂತಾದವು ಅದರ ಸಂತತಿ. ಹಿಂದಿನವರು ಮಾಡಿದ ಪಾಪ ಕಟ್ಟಡದಲ್ಲಿ ಉಳಿದು, ಇಂದಿನ ನಿವಾಸಿಗಳನ್ನು ಕಾಡುವುದು ಈ ಕಥೆಗಳ ಸಾಮಾನ್ಯ ಲಕ್ಷಣ. ಎರಡನೆಯದು ಅಂಗಡಿಯ ಕಾದಂಬರಿಯ ವಂಶ. ಫ್ರಾನ್ಸಿನ ಜೋಲನು ೧೮೮೩ರಲ್ಲಿ ಪ್ಯಾರಿಸಿನ ಮಹಾಮಳಿಗೆಯೊಂದನ್ನೇ ವಸ್ತುವಾಗಿಸಿಕೊಂಡು ಕಾದಂಬರಿ ಬರೆದನು. ಬಾಲ್ಯದಲ್ಲಿ ಜವಳಿ ಅಂಗಡಿಯ ಶಿಷ್ಯವೃತ್ತಿಯಲ್ಲಿ ನವೆದ ಎಚ್. ಜಿ. ವೆಲ್ಸನು ಆ ಅನುಭವವನ್ನು ‘ಕಿಪ್ಸ್’ (೧೯೦೫) ಕಾದಂಬರಿಗೆ ಧಾರೆಯೆರೆದನು. ಇವೆರಡು ವಂಶಗಳು ಚಲಚ್ಚಿತ್ರದಲ್ಲಿ ಒಮ್ಮೆ ಕೂಡಿದ್ದುಂಟು: ಜಾರ್ಜ್ ರೊಮೆರೋ ಅವರ ೧೯೭೮ರ ಚಿತ್ರದಲ್ಲಿ ಜೀವಂತ ಹೆಣಗಳು ಒಂದು ವ್ಯಾಪಾರ ಸಂಕೀರ್ಣಕ್ಕೆ ಮುತ್ತಿಗೆ ಹಾಕುತ್ತವೆ. ಅಲ್ಲಿ ಅಣಕಕ್ಕೆ ಗುರಿಯಾದವರು ಕೊಳ್ಳುವವರು. ಸತ್ತ ಮೇಲೂ ಅಂಗಡಿಗೆ ಬರುವ ಅಭ್ಯಾಸ ಅವರನ್ನು ಬಿಡಲಿಲ್ಲ. ಹೆಂಡ್ರಿಕ್ಸ್ ಅವರ ದೃಷ್ಟಿಯಾದರೋ ಗಲ್ಲಾದ ಈಚೆ ಬದಿಯಲ್ಲಿ, ಮಾರುವವರ ಕಡೆಗೆ ನೆಟ್ಟಿದೆ.

ಈ ವ್ಯತ್ಯಾಸದ ಮಹತ್ತ್ವ ವಾಲ್‌ಪೋಲನೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಅವನ ಕಾದಂಬರಿಯಲ್ಲಿಯೂ ಹಾಸ್ಯವುಂಟು. ಅದು ಸೇವಕರ ಪಾಲಿಗೆ ಬಂದದ್ದು. ಗಂಭೀರವಾದ ಭಯ ದುಃಖಗಳು ಒಡೆಯರಿಗೆ, ತೊದಲು ಮಾತಿನ ನಗೆ ಆಳುಗಳಿಗೆ — ಹೀಗೆ ಹಂಚಿಕೆಯಾಗಿದೆ. ಎರಡನೆಯ ಮುದ್ರಣದ (೧೭೬೫) ಮುನ್ನುಡಿಯಲ್ಲಿ ವಾಲ್‌ಪೋಲನು ಷೇಕ್ಸ್‌ಪಿಯರನ ಮೇಲ್ಪಂಕ್ತಿಯನ್ನು ತೋರಿಸಿ ಈ ಹಂಚಿಕೆಯನ್ನು ಸಮರ್ಥಿಸಿಕೊಂಡನು. ‘ಹಾರರ್‌ಸ್ಟೋರ್’ ಕಾದಂಬರಿಯಲ್ಲಿ ಒಡೆಯರು ರಂಗದ ಮೇಲೆ ಬರುವುದೇ ಇಲ್ಲ. ಅವರು ದೂರದ ಕೇಂದ್ರ ಕಚೇರಿಯಲ್ಲಿದ್ದಾರೆ. ಮಳಿಗೆಯಲ್ಲಿ ಉಳಿದವರೆಲ್ಲ ಆಳುಗಳೇ. ಆದುದರಿಂದ ನಗೆಯೂ ಭಯವೂ ಅವರಿಗೇ ಸೇರಬೇಕಾಯಿತು. ಎರಡೂವರೆ ಶತಮಾನಗಳ ಹಿಂದೆ ಕೋಟೆಯ ಹಜಾರದಲ್ಲಿ ನಗೆಪಾಟಲಾಗಿ ನಿಂತ ಸೇವಕನು ಇಲ್ಲಿ ಕಥೆಯ ನಾಯಕತ್ವವನ್ನು ವಹಿಸಿದ್ದಾನೆ ಎನ್ನಬಹುದು.

೪

ಕಾದಂಬರಿಯ ಆರಂಭದಲ್ಲಿಯೇ ಏಮಿಯ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ನಡೆಯುತ್ತದೆ. ಲೋಕದಲ್ಲಿ ಕೆಲಸಗಳು ಎರಡು ಬಗೆ: ನಿಂತು ಮಾಡುವುವು, ಕುಳಿತು ಮಾಡುವುವು. ನಿಂತವರಿಗೆ ಗಂಟೆಯ ಲೆಕ್ಕದ ಕೂಲಿ, ಕುಳಿತವರಿಗೆ ತಿಂಗಳ ಸಂಬಳ. ತಾನಿನ್ನೂ ನಿಂತವರ ಗುಂಪಿನಲ್ಲಿರುವುದೇ ಅವಳ ಸಂಕಟ. ಓದುಗನಿಗೆ ಇದು ಹಗುರವಾದ ವಿನೋದವಾಗಿ ಕಾಣುತ್ತದೆ. ಆದರೆ ಅವಳು ನಿಂತಿರುವ ಸ್ಥಳವನ್ನು ನೋಡಬೇಕು. ಸುತ್ತಲೂ ಸೋಫಾ, ಕುರ್ಚಿ, ಮಂಚಗಳ ಸಾಲು. ಕುಳಿತು ನೋಡಿರೆಂದು ಗಿರಾಕಿಗಳಿಗೆ ಉಪಚಾರ. ಪೀಠಗಳ ರಾಶಿಯ ನಡುವೆ ಕಾಲು ಸೋಲುವವರೆಗೆ ನಿಂತಿರಬೇಕಾದವಳು ಅವಳೊಬ್ಬಳೇ. ನೀರಿನಲ್ಲಿ ನಿಂತು ಬಾಯಾರಿದ ಟ್ಯಾಂಟಲಸನ ಗ್ರೀಕ್ ಪುರಾಣಕಥೆ ಇಲ್ಲಿ ಸಮವಸ್ತ್ರ ತೊಟ್ಟು ಮರುಹುಟ್ಟು ಪಡೆದಿದೆ.

ಕುಳಿತುಕೊಳ್ಳುವ ಹಕ್ಕು ಕ್ಷುಲ್ಲಕ ವಿಷಯವೆಂದು ಭಾವಿಸುವವರು ಇತಿಹಾಸವನ್ನು ನೋಡಬಹುದು. ಬ್ರಿಟಿಷ್ ಪಾರ್ಲಿಮೆಂಟು ೧೮೯೯ರಲ್ಲಿ ಅಂಗಡಿ ಸಹಾಯಕರಿಗೆ ಆಸನ ಒದಗಿಸುವ ಕಾಯಿದೆಯೊಂದನ್ನು ಮಾಡಬೇಕಾಯಿತು. ಮೂವರು ಹೆಣ್ಣು ನೌಕರರಿಗೆ ಒಂದಾದರೂ ಪೀಠವಿರಬೇಕೆಂಬುದು ಅದರ ವಿಧಿ. ಅದಕ್ಕೆ ಒಂದೇ ವರ್ಷ ಹಿಂದೆ, ೧೮೯೮ರ ಸೆರೆಮನೆ ಕಾಯಿದೆಯ ಫಲವಾಗಿ, ಆ ದೇಶದ ಸೆರೆಮನೆಗಳಿಂದ ತುಳಿಚಕ್ರ ತಿರುಗಣಿಗಳು ಮರೆಯಾಗತೊಡಗಿದ್ದವು. ತುಳಿಚಕ್ರವು ವಿಲಿಯಂ ಕ್ಯುಬಿಟ್ ಎಂಬ ಯಂತ್ರಶಿಲ್ಪಿ ೧೮೧೮ರ ಸುಮಾರಿಗೆ ಸೆರೆಯಾಳುಗಳಿಗಾಗಿ ನಿರ್ಮಿಸಿದ ಸಾಧನ. ತಿರುಗಣಿಯಲ್ಲಂತೂ ಏನೂ ಉತ್ಪನ್ನವಾಗುತ್ತಿರಲಿಲ್ಲ. ದಣಿವೇ ಅದರ ಉತ್ಪನ್ನ. ಹೀಗೆ ಸೆರೆಯಾಳಿನ ಕಾಲಿಗೂ ಅಂಗಡಿಯಾಳಿನ ಕಾಲಿಗೂ ಶಾಸನದ ಬಿಡುಗಡೆ ದೊರೆತದ್ದು ಹೆಚ್ಚುಕಡಮೆ ಒಟ್ಟಿಗೆ. ಕಾದಂಬರಿಕಾರರು ಈ ಸಂಗತಿಯನ್ನು ಪ್ರಸ್ತಾಪಿಸಿಲ್ಲ. ಆದರೂ ಸೆರೆಮನೆಯ ನೆಲದ ಮೇಲೆ ಮಳಿಗೆಯನ್ನು ಕಟ್ಟಿದ ಅವರ ಕಲ್ಪನೆ ನಿರಾಧಾರವಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಥೆಯ ನಡುವೆ ಏಮಿಗೆ ಕುಳಿತುಕೊಳ್ಳುವ ಭಾಗ್ಯ ಬರುತ್ತದೆ. ವರ್ತನು ಅವಳನ್ನು ಬೋಡಾವೆಸ್ಟ್ ಕುರ್ಚಿಗೆ ಬಿಗಿಸುತ್ತಾನೆ. ಅಮೆರಿಕದ ವೈದ್ಯ ಬೆಂಜಮಿನ್ ರಷ್ ಎಂಬುವನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮನೋರೋಗಿಗಳನ್ನು ಶಾಂತಗೊಳಿಸಲೆಂದು ಇಂಥದೇ ಕುರ್ಚಿಯನ್ನು ಕಲ್ಪಿಸಿದ್ದನು. ಕೈಕಾಲು ಎದೆಗಳನ್ನು ಪಟ್ಟಿಗಳಿಂದ ಬಿಗಿದು ತಲೆಯನ್ನು ಪೆಟ್ಟಿಗೆಯೊಂದರಲ್ಲಿ ಸಿಕ್ಕಿಸುವ ಪೀಠವದು. ಏಮಿಯು ಹಗಲೆಲ್ಲ ಹಂಬಲಿಸಿದ ಪೀಠವೇ ರಾತ್ರಿ ಅವಳ ಸೆರೆಯಾಯಿತು. ಇನ್ನೂ ಘೋರವಾದ ಸಂಗತಿಯೆಂದರೆ, ಆ ಬಂಧನದಲ್ಲಿ ಅವಳಿಗೆ ಒಂದು ಬಗೆಯ ನೆಮ್ಮದಿಯೂ ದೊರೆಯುವುದು. ಇನ್ನು ಹೋರಾಡಬೇಕಾಗಿಲ್ಲ, ಸೋತವಳಿಗೆ ಇದೇ ತಕ್ಕ ಸ್ಥಳ ಎಂಬ ದನಿ ಒಳಗಿನಿಂದಲೇ ಏಳುತ್ತದೆ. ಕಾದಂಬರಿಯಲ್ಲಿ ನಿಜವಾಗಿ ಮೈ ನಡುಗಿಸುವ ಭಾಗ ಇದು. ಓಣಿಯ ಕತ್ತಲೆಯಲ್ಲಿ ಸರಿದಾಡುವ ಪ್ರೇತಗಳು ಇದರ ಮುಂದೆ ಅಷ್ಟೇನೂ ಹೆದರಿಸುವುದಿಲ್ಲ.

೫

ವರ್ತನ ಸೆರೆಮನೆಗೆ ಕಾದಂಬರಿಕಾರರು ‘ಪ್ಯಾನಾಪ್ಟಿಕನ್’ ಎಂಬ ಹೆಸರನ್ನು ಕೊಟ್ಟಿದ್ದಾರೆ. ನಡುವಣ ಗೋಪುರದಿಂದ ಒಬ್ಬ ಕಾವಲುಗಾರನು ಸುತ್ತಲಿನ ಕೋಣೆಗಳನ್ನೆಲ್ಲ ನೋಡಬಲ್ಲ, ಆದರೆ ಕೋಣೆಯವರಿಗೆ ಅವನು ಕಾಣದಿರುವ ಕಟ್ಟಡಕ್ಕೆ ಜೆರೆಮಿ ಬೆಂಥಮನು ೧೭೯೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಟ್ಟ ಹೆಸರು ಇದು. ಮಿಷೆಲ್ ಫೂಕೋನ ೧೯೭೫ರ ಗ್ರಂಥದ ಬಳಿಕ ಈ ಮಾತು ವಿದ್ವಾಂಸರ ನಾಲಗೆಯಲ್ಲಿ ಸವೆದುಹೋಗಿದೆ. ಆದರೆ ಅದರ ಹುಟ್ಟಿನ ವೃತ್ತಾಂತವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಈ ಕಲ್ಪನೆ ಮೊದಲು ಹೊಳೆದದ್ದು ಜೆರೆಮಿಗಲ್ಲ, ಅವನ ತಮ್ಮ ಸ್ಯಾಮ್ಯುಯೆಲ್ ಬೆಂಥಮನಿಗೆ. ಅವನು ರಷ್ಯದ ಪೊಟೆಮ್ಕಿನ್ ರಾಜಕುಮಾರನ ಸೇವೆಯಲ್ಲಿ ಕ್ರಿಚೆವ್ ಎಂಬಲ್ಲಿ ಕಾರ್ಖಾನೆಗಳನ್ನು ನಡೆಸುತ್ತಿದ್ದನು. ಬಹುಮಂದಿ ಕೆಲಸಗಾರರನ್ನು ಕೆಲವೇ ಮೇಲ್ವಿಚಾರಕರಿಂದ ಕಾಯಿಸುವುದು ಹೇಗೆಂಬ ಸಮಸ್ಯೆಗೆ ಅವನು ಕಂಡುಕೊಂಡ ಪರಿಹಾರವಿದು. ೧೭೮೬-೮೭ರಲ್ಲಿ ಅಲ್ಲಿಗೆ ಹೋಗಿದ್ದ ಅಣ್ಣನು ಅದನ್ನು ಸೆರೆಮನೆಗೆ ಅನ್ವಯಿಸಿದನು. ಎಂದರೆ ಈ ಯೋಜನೆಯಲ್ಲಿ ಮೊದಲು ಹುಟ್ಟಿದ್ದು ಕೆಲಸದ ಮನೆ, ಅನಂತರ ಸೆರೆಯ ಮನೆ.

ಇದನ್ನು ಮನಗಂಡರೆ ಕಾದಂಬರಿಯ ರೂಪಕದ ಅರ್ಥ ತಿರುಗುಮುರುಗಾಗುತ್ತದೆ. ಮಳಿಗೆಯನ್ನು ಸೆರೆಮನೆಗೆ ಹೋಲಿಸುವುದು ಅತಿಶಯೋಕ್ತಿಯೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಸೆರೆಮನೆಯೇ ಕೆಲಸದ ಮನೆಯಿಂದ ಕಲಿತದ್ದಾದರೆ, ವರ್ತನು ಮಳಿಗೆಗೆ ಹೊರಗಿನಿಂದ ನುಗ್ಗಿದ ಪರಕೀಯನಲ್ಲ. ಅದರ ಮನೆತನದ ಹಿರಿಯ. ಆರ್ಸ್ಕ್ ಮಳಿಗೆಯು ಗಿರಾಕಿಗಳಿಗೆಂದು ಒಂದು ಬೆಳಗಿ ಹೊಳೆಯುವ ಹಾದಿಯನ್ನು ಹಾಕಿದೆ. ಒಳಗೆ ಹೊಕ್ಕವನು ಸುತ್ತಿ ಬಳಸಿ ಎಲ್ಲ ಸಾಮಾನುಗಳನ್ನೂ ಕಂಡೇ ಹೊರಬೀಳಬೇಕು. ವಿಯೆನ್ನದಿಂದ ವಲಸೆ ಬಂದು ೧೯೫೬ರಲ್ಲಿ ಮಿನೆಸೋಟದ ಸೌತ್‌ಡೇಲ್ ವ್ಯಾಪಾರ ಸಂಕೀರ್ಣವನ್ನು ಕಟ್ಟಿದ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿಯ ಹೆಸರಿನಿಂದ, ಇಂಥ ಕಟ್ಟಡದೊಳಗೆ ಗಿರಾಕಿಗೆ ಆಗುವ ದಿಕ್ಕುತಪ್ಪಿದ ಮಂಕನ್ನು ಈಗ ಕರೆಯುತ್ತಾರೆ. ವರ್ತನ ಸೆರೆಮನೆಯಲ್ಲಿಯೂ ದಿಕ್ಕುತಪ್ಪಿಸುವ ಓಣಿಗಳಿವೆ. ಕಟ್ಟಡವು ಮನುಷ್ಯನ ಮನಸ್ಸನ್ನು ಮಣಿಸಬಲ್ಲದೆಂಬ ವಿದ್ಯೆ ಇಬ್ಬರಿಗೂ ಸಮಾನ.

ಇದಕ್ಕಿಂತಲೂ ಹತ್ತಿರದ ಸಾಮ್ಯ ಭಾಷೆಯಲ್ಲಿದೆ. ಬೇಸಿಲ್ ತನ್ನ ಕೈಕೆಳಗಿನವರಿಗೆ ಉಪದೇಶಿಸುವಾಗ ಆಡುವ ಮಾತುಗಳು ಹೊಣೆಗಾರಿಕೆ, ಒಗ್ಗಟ್ಟು, ಆತ್ಮೋನ್ನತಿ ಮುಂತಾದುವು. ನೌಕರಿಯನ್ನು ಬಾಳಿನ ಶಿಕ್ಷಣವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದಾನೆ. ವರ್ತನೂ ಸೆರೆಯಾಳುಗಳನ್ನು ಶತ್ರುಗಳೆಂದು ತಿಳಿದವನಲ್ಲ. ಅವರು ರೋಗಿಗಳು, ತಾನು ವೈದ್ಯ, ಎಡೆಬಿಡದ ದುಡಿಮೆಯೇ ಔಷಧ ಎಂಬುದು ಅವನ ಸಿದ್ಧಾಂತ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇಂಥ ಸುಧಾರಕರು ನಿಜವಾಗಿಯೂ ಇದ್ದರು. ಫಿಲಡೆಲ್ಫಿಯದಲ್ಲಿ ೧೮೨೯ರಲ್ಲಿ ತೆರೆದ ಸೆರೆಮನೆಯು ಪ್ರತಿಯೊಬ್ಬ ಬಂದಿಯನ್ನೂ ಏಕಾಂತದಲ್ಲಿಟ್ಟು ಪಶ್ಚಾತ್ತಾಪಕ್ಕೆ ಎಡೆಮಾಡಿಕೊಡುವ ಸದುದ್ದೇಶದಿಂದಲೇ ಸ್ಥಾಪಿತವಾದದ್ದು. ೧೮೪೨ರಲ್ಲಿ ಅದನ್ನು ನೋಡಿದ ಚಾರ್ಲ್ಸ್ ಡಿಕನ್ಸನು ಆ ಸದುದ್ದೇಶವನ್ನು ಒಪ್ಪಿಕೊಂಡೂ ಪದ್ಧತಿಯನ್ನು ಕ್ರೂರವೆಂದು ಖಂಡಿಸಿದನು. ಒಳ್ಳೆಯದನ್ನು ಮಾಡುತ್ತೇನೆಂದು ನಂಬಿದವನ ಕೈಯಲ್ಲಿ ಸಿಕ್ಕುವುದರ ಭಯ ಕಾದಂಬರಿಯ ಸ್ಥಾಯಿಗೆ ಸೇರಿದ್ದು.

ದುಡಿಮೆಯೇ ಉದ್ಧಾರದ ದಾರಿಯೆಂಬ ಮಾತನ್ನು ಕೇಳಿದ ಕನ್ನಡ ಓದುಗರಿಗೆ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವ ನೆನಪಿಗೆ ಬರುವುದು ಸಹಜ. ಎರಡಕ್ಕೂ ಇರುವ ಅಂತರವನ್ನು ಗುರುತಿಸದಿದ್ದರೆ ಅನ್ಯಾಯವಾದೀತು. ಕಾಯಕವನ್ನು ಶರಣನು ತಾನೇ ವಹಿಸಿಕೊಳ್ಳುತ್ತಾನೆ. ಅದರ ಫಲ ದಾಸೋಹಕ್ಕೆ ಸಲ್ಲುತ್ತದೆ. ಇಂದಿಗೆ ಎಷ್ಟು ಸಾಕೆಂಬ ಅಳತೆ ಮಾಡುವವನ ಕೈಯಲ್ಲೇ ಇರುತ್ತದೆ. ಗಂಡನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯ ಸಾರವೂ ಇದೇ. ವರ್ತನ ತಿರುಗಣಿಯಲ್ಲಿ ಈ ಮೂರೂ ಇಲ್ಲ. ಆಯ್ಕೆಯಿಲ್ಲದ, ಫಲವಿಲ್ಲದ, ಮಿತಿಯಿಲ್ಲದ ದುಡಿಮೆಗೆ ಉದ್ಧಾರದ ಹೆಸರನ್ನಿಟ್ಟರೆ ಅದು ಹೇಗೆ ಕಾಣುತ್ತದೆಂಬುದನ್ನು ಕಾದಂಬರಿ ತೋರಿಸಿದೆ.

೬

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ರಸವಿರೋಧವನ್ನು ಪರಿಹರಿಸುವ ಉಪಾಯಗಳನ್ನು ಹೇಳಿದ್ದಾನೆ. ವಿರುದ್ಧ ರಸಗಳಿಗೆ ಬೇರೆ ಬೇರೆ ಆಶ್ರಯಗಳನ್ನು ಕಲ್ಪಿಸುವುದು ಒಂದು. ನಡುವೆ ಇನ್ನೊಂದು ರಸವನ್ನು ತಂದು ವ್ಯವಧಾನವನ್ನು ಉಂಟುಮಾಡುವುದು ಮತ್ತೊಂದು. ವಾಲ್‌ಪೋಲನು ಹಿಡಿದ ದಾರಿ ಮೊದಲನೆಯದಕ್ಕೆ ಹತ್ತಿರ: ಆಳಿಗೆ ನಗೆ, ಒಡೆಯನಿಗೆ ಭಯ.

ಹೆಂಡ್ರಿಕ್ಸ್ ಅವರು ಹಿಡಿದ ದಾರಿ ಈ ಎರಡರಲ್ಲಿ ಯಾವುದೂ ಅಲ್ಲ. ಇಲ್ಲಿ ಹಾಸ್ಯಕ್ಕೂ ಭಯಾನಕಕ್ಕೂ ಆಲಂಬನ ಒಂದೇ: ಮೃದುವಾದ ವ್ಯಾಪಾರಿ ಭಾಷೆಯಲ್ಲಿ ವರ್ಣಿತವಾದ ಪೀಠ. ಸೋಫಾದ ವರ್ಣನೆಯನ್ನು ಓದಿ ನಗುವಾಗ ಮಾತಿಗೂ ವಸ್ತುವಿಗೂ ಇರುವ ಅಂತರ ನಮಗೆ ವಿನೋದವೆನಿಸುತ್ತದೆ. ಸಾಮಾನ್ಯವಾದ ಮರ ಬಟ್ಟೆಗಳಿಗೆ ಇಷ್ಟು ದೊಡ್ಡ ಮಾತೇ ಎನ್ನುತ್ತೇವೆ. ಹಿಂಸೆಯ ಕುರ್ಚಿಗೂ ಅದೇ ವರ್ಣನೆ ಬಂದಾಗ ಆ ಅಂತರ ಬೆಳೆದು ಕಂದರವಾಗುತ್ತದೆ. ಅಂತರವೇ ಎರಡಕ್ಕೂ ಬೀಜ. ಕಿರಿದಾಗಿದ್ದಾಗ ನಗೆ, ಹಿರಿದಾದಾಗ ಭಯ. ಇದರಿಂದ ವಿಶ್ವನಾಥನ ಮತ ಸುಳ್ಳಾಯಿತೆಂದು ಭಾವಿಸಬೇಕಾಗಿಲ್ಲ. ಹಿಂದಿನ ನಗೆ ಅಡಗಿದ ಮೇಲೆಯೇ ಭಯ ತಲೆಯೆತ್ತುತ್ತದೆ. ಆ ಕ್ಷಣದಲ್ಲಿ ಎರಡೂ ಜೊತೆಯಾಗಿ ಇರುವುದಿಲ್ಲ. ಆದರೆ ತಾನು ಹಿಂದೆ ನಕ್ಕಿದ್ದೆನೆಂಬ ನೆನಪು ಓದುಗನಲ್ಲಿ ಉಳಿದು, ಭಯಕ್ಕೆ ಒಂದು ಬಗೆಯ ನಾಚಿಕೆಯನ್ನು ಕೂಡಿಸುತ್ತದೆ. ವಿರೋಧಿಯೆಂದು ಕರೆಸಿಕೊಂಡ ಹಾಸ್ಯವು ಹೀಗೆ ಭಯಾನಕಕ್ಕೆ ಅಂಗವಾಗಿ ಪರಿಣಮಿಸುತ್ತದೆ. ವಿರುದ್ಧ ರಸವೂ ಅಂಗಭಾವವನ್ನು ಹೊಂದಿದಾಗ ದೋಷವಲ್ಲವೆಂಬುದು ಆನಂದವರ್ಧನನಿಗೂ ಸಮ್ಮತವೇ. ಹೊಸ ಕಾಲದ ಅಗ್ಗದ ಕಾದಂಬರಿಯೊಂದು ಹಳೆಯ ಸೂತ್ರಕ್ಕೆ ಇಷ್ಟು ಒಳ್ಳೆಯ ಉದಾಹರಣೆಯಾಗುವುದು ಸಂತೋಷದ ವಿಷಯ.

೭

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳಬೇಕು. ಕಾದಂಬರಿಯ ಪೂರ್ವಾರ್ಧದಲ್ಲಿ ಸಂಕಟಕ್ಕೆ ಕಾರಣ ಒಬ್ಬ ವ್ಯಕ್ತಿಯಾಗಿರಲಿಲ್ಲ. ಬಾಡಿಗೆ, ಕೂಲಿ, ಪಾಳಿ, ತನಿಖೆಯ ಭೀತಿ ಇವೆಲ್ಲ ಕೂಡಿ ನೌಕರರನ್ನು ಅರೆಯುತ್ತಿದ್ದವು. ವರ್ತನು ಬಾಯಿಬಿಟ್ಟ ಮೇಲೆ ಆ ಹೊಣೆಯೆಲ್ಲ ಅವನ ತಲೆಗೆ ಜಾರುತ್ತದೆ. ವ್ಯವಸ್ಥೆಯ ದೋಷವು ಹುಚ್ಚನೊಬ್ಬನ ದೋಷವಾಗಿ ಕುಗ್ಗಿ, ವಿಡಂಬನೆಯ ಅಲಗು ಮೊಂಡಾಗುತ್ತದೆ. ತನ್ನ ಸಿದ್ಧಾಂತವನ್ನು ಅವನೇ ದೀರ್ಘವಾಗಿ ವಿವರಿಸುವುದೂ ಭಯಕ್ಕೆ ಪೋಷಕವಲ್ಲ. ಭಯ ವ್ಯಂಗ್ಯವಾಗಿದ್ದಾಗ ಹೆಚ್ಚು, ವಾಚ್ಯವಾದಾಗ ಕಡಮೆ.

ಎರಡನೆಯ ದೋಷ ಕಾರ್ಲನಿಗೆ ಸಂಬಂಧಿಸಿದ್ದು. ಪಾತ್ರಗಳಲ್ಲೆಲ್ಲ ಅತ್ಯಂತ ನಿರ್ಗತಿಕನು ಅವನು. ಕೂಲಿಯೂ ಇಲ್ಲದ, ಮಾರಲಿಟ್ಟ ಹಾಸಿಗೆಯಲ್ಲಿ ಕದ್ದು ಮಲಗಬೇಕಾದ ಅವನ ದೃಷ್ಟಿಯಿಂದ ಮಳಿಗೆ ಹೇಗೆ ಕಾಣುತ್ತದೆಂಬುದು ತಿಳಿಯಬೇಕಾದ ವಿಷಯವಾಗಿತ್ತು. ಪ್ರೇತವು ಅವನ ಮೈಯನ್ನು ಪಾತ್ರೆಯಂತೆ ಬಳಸಿ ಬಿಸುಡುತ್ತದೆ. ಲೇಖಕರೂ ಅವನನ್ನು ಅದಕ್ಕಿಂತ ಹೆಚ್ಚಾಗಿ ಬಳಸಿಕೊಂಡಿಲ್ಲ. ಮೂರನೆಯದಾಗಿ, ಮ್ಯಾಟ್ ಮತ್ತು ಟ್ರಿನಿಟಿಯರು ಕಥೆಯನ್ನು ಮುಂದೂಡುವ ಸಲಕರಣೆಗಳಾಗಿಯೇ ಉಳಿಯುತ್ತಾರೆ. ರೂತ್ ಆನ್‌ಳ ಪಾತ್ರ ಇದಕ್ಕೆ ಅಪವಾದ. ಎಲ್ಲರಿಗೂ ತಾಯಿಯಂತಿದ್ದು ತನಗಾಗಿ ಏನನ್ನೂ ಇಟ್ಟುಕೊಳ್ಳದ ಅವಳು ಆ ರಾತ್ರಿ ಮಡಿಯುವಾಗ ಕರುಣವು ಕೆಲವು ಪುಟಗಳ ಮಟ್ಟಿಗೆ ಹಾಸ್ಯವನ್ನೂ ಭಯಾನಕವನ್ನೂ ಮರೆಸುತ್ತದೆ. ಅಷ್ಟನ್ನು ಸಾಧಿಸಬಲ್ಲ ಲೇಖಕರು ಉಳಿದವರ ವಿಷಯದಲ್ಲಿ ಅವಸರಪಟ್ಟರೆಂದು ಹೇಳದೆ ವಿಧಿಯಿಲ್ಲ.

ಆದರೂ ಉಪಸಂಹಾರದಲ್ಲಿ ಕೃತಿ ಚೇತರಿಸಿಕೊಳ್ಳುತ್ತದೆ. ಬದುಕಿ ಹೊರಬಂದ ಏಮಿ ಮತ್ತು ಬೇಸಿಲರ ಮಟ್ಟಿಗೆ ವರ್ತನ ಕಥೆ ಮುಗಿದಿಲ್ಲ. ಮುಚ್ಚಿದ ಆರ್ಸ್ಕ್ ಇದ್ದ ಎಡೆಯಲ್ಲಿಯೇ ಎಳೆಮಕ್ಕಳ ಸಾಮಾನುಗಳನ್ನು ಮಾರುವ ಬೇರೊಂದು ಮಹಾಮಳಿಗೆ ತೆರೆಯುತ್ತದೆ. ಹೆಸರು ಬೇರೆ, ಸಮವಸ್ತ್ರ ಬೇರೆ, ನಗುಮುಖದ ಉಪದೇಶ ಅದೇ. ಒಳಗೆ ಸಿಕ್ಕಿಬಿದ್ದ ಸಂಗಡಿಗರನ್ನು ಹುಡುಕುವುದಕ್ಕಾಗಿ ಏಮಿಯು ಅಲ್ಲಿ ನೌಕರಿಗೆ ಸೇರುತ್ತಾಳೆ. ಬೇಸಿಲನೂ ಅದೇ ಉದ್ದೇಶದಿಂದ ಬಂದಿರುತ್ತಾನೆ. ವ್ಯವಸ್ಥಾಪಕ, ನೌಕರಳು ಎಂಬ ಮೇಲುಕೀಳು ಆ ಹೊತ್ತಿಗೆ ಅಳಿದು ಇಬ್ಬರೂ ಸಮಾನರಾಗಿದ್ದಾರೆ. ಹಿಂದೆ ಬಾಡಿಗೆಗಾಗಿ ನಿಂತವಳು ಈಗ ತನ್ನವರಿಗಾಗಿ ನಿಲ್ಲುತ್ತಾಳೆ. ನಿಂತು ಮಾಡುವ ಕೆಲಸದ ಬಗ್ಗೆ ಮೊದಲಲ್ಲಿದ್ದ ಲೆಕ್ಕಾಚಾರಕ್ಕೆ ಕಾದಂಬರಿ ಕೊಡುವ ಉತ್ತರ ಇದು. ವರ್ತನೊಬ್ಬನೇ ಕಾರಣನಲ್ಲ, ಕಟ್ಟಡ ಮತ್ತೆ ಮತ್ತೆ ಹುಟ್ಟುತ್ತದೆ ಎಂಬ ಸೂಚನೆಯೂ ಇಲ್ಲಿದೆ.

೮

ಇದು ದೂರದ ಓಹಾಯೋದ ಕಥೆಯೆಂದು ನಾವು ನಿಶ್ಚಿಂತರಾಗಿರಲು ಬಾರದು. ಕಾದಂಬರಿಯು ಯಾವ ಮಾದರಿಯನ್ನು ಅಣಕಿಸಿತೋ ಆ ಮಾದರಿಯ ಮಳಿಗೆ ೨೦೧೮ರಲ್ಲಿ ಹೈದರಾಬಾದಿಗೂ ೨೦೨೨ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂದಿದೆ. ಕಾದಂಬರಿಯ ದೋಷಾರೋಪಣೆ ಕಲ್ಪಿತವಾದ ಆರ್ಸ್ಕಿನ ಮೇಲೆಯೇ ಹೊರತು ನಿಜವಾದ ಯಾವ ಸಂಸ್ಥೆಯ ಮೇಲೂ ಅಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪೀಠದ ಪ್ರಶ್ನೆಯಾದರೋ ಪರದೇಶದ ಮಾದರಿಗಾಗಿ ಕಾದು ಕುಳಿತದ್ದಲ್ಲ. ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತೇ ಇರಬೇಕಾದ ಕಟ್ಟಳೆಯ ವಿರುದ್ಧ ಸಂಘಟಿತರಾಗಿ ಹೋರಾಡಿದರು. ಆ ರಾಜ್ಯವು ೨೦೧೮ರಲ್ಲಿ ಅಂಗಡಿಗಳ ಕಾಯಿದೆಯನ್ನು ತಿದ್ದಿ ನೌಕರರಿಗೆ ಆಸನ ಒದಗಿಸಬೇಕೆಂದು ವಿಧಿಸಿತು. ೨೦೨೧ರಲ್ಲಿ ತಮಿಳುನಾಡೂ ಅದೇ ದಾರಿಯನ್ನು ಹಿಡಿಯಿತು. ೧೮೯೯ರಲ್ಲಿ ಲಂಡನ್ನಿನಲ್ಲಿ ಬರೆದ ಮಾತನ್ನು ನಮ್ಮ ನೆರೆಯಲ್ಲಿ ಮತ್ತೆ ಬರೆಯಬೇಕಾಗಿ ಬಂದದ್ದು ನೂರಿಪ್ಪತ್ತು ವರ್ಷಗಳ ಬಳಿಕ.

ಕುಳಿತು ಉಂಡರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಕುಳಿತವನೆಂದರೆ ಸೋಮಾರಿಯೆಂಬ ಭಾವನೆ ಬೇರೂರಿದೆ. ದುಡಿಯುವವನ ಕ್ಷಣಕಾಲದ ಆಸನವನ್ನೂ ಅದೇ ಕಣ್ಣಿನಿಂದ ನೋಡುವುದು ಮಾತ್ರ ಸರಿಯಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹಲವರು ಓದುತ್ತಲೇ ಸಂಜೆಯ ಹೊತ್ತು ಇಂಥ ಅಂಗಡಿಗಳಲ್ಲಿ ನಿಂತು ದುಡಿಯುತ್ತಾರೆ. ಪದವಿ ಮುಗಿಸಿ ಅಲ್ಲಿಗೇ ಹೋಗುವವರೂ ಉಂಟು. ರಸವಿರೋಧದ ಪಾಠಕ್ಕೆ ಅಧ್ಯಾಪಕರು ಪ್ರಾಚೀನ ಕಾವ್ಯಗಳ ಉದಾಹರಣೆಗಳೊಡನೆ ಈ ಕಾದಂಬರಿಯನ್ನೂ ಎತ್ತಿಕೊಂಡರೆ, ಆ ವಿದ್ಯಾರ್ಥಿಗಳಿಗೆ ಶಾಸ್ತ್ರವು ತಮ್ಮ ದಿನಚರಿಯ ಹತ್ತಿರಕ್ಕೆ ಬಂದಂತೆ ತೋರುವುದು. ‘ಹಾರರ್‌ಸ್ಟೋರ್’ ಮಹಾಕೃತಿಯೆಂದು ಈ ಲೇಖನ ಸಾಧಿಸಹೊರಟಿಲ್ಲ. ನಿತ್ಯವೂ ಕಿವಿಗೆ ಬೀಳುವ ಹಿತವಾದ ಮಾತುಗಳಲ್ಲಿ ಯಾವುದು ಸೋಫಾದ ವರ್ಣನೆ, ಯಾವುದು ಬೋಡಾವೆಸ್ಟಿನ ವರ್ಣನೆ ಎಂದು ಬೇರ್ಪಡಿಸಿ ನೋಡುವ ಅಭ್ಯಾಸವನ್ನು ಅದು ಕಲಿಸುತ್ತದೆ. ಸಾಹಿತ್ಯದ ವ್ಯಾಸಂಗದಿಂದ ವಿದ್ಯಾರ್ಥಿಗೆ ದೊರೆಯಬೇಕಾದ ಪ್ರಯೋಜನಗಳಲ್ಲಿ ಇದೂ ಒಂದೆಂದು ನಮ್ಮ ಭಾವನೆ.